ಜಪಾನಿನ ವಾರಗಳೂ ನಮ್ಮ ತಿಥಿಗಳೂ

ಜಪಾನೀ ಭಾಷೆಯನ್ನು ಅಭ್ಯಾಸ ಮಾಡುವ ತರುಣ ತರುಣಿಯರು ಈಗ ನಮ್ಮ ಸಮಾಜದ ಮನೆಗಳಲ್ಲಿಯೂ ಉಂಟು. ಉದ್ಯೋಗದ ನಿಮಿತ್ತ ಕಲಿಯುವವರು ಕೆಲವರು, ಪತಿಯೊಡನೆ ಆ ದೇಶಕ್ಕೆ ತೆರಳಿದ ಹೆಣ್ಣುಮಕ್ಕಳು ಕೆಲವರು. ವಾರ, ತಿಂಗಳು, ತಾರೀಖುಗಳ ಪಾಠ ಬಂದೊಡನೆ ಅವರಲ್ಲಿ ಅನೇಕರು ಎದೆಗುಂದುತ್ತಾರೆಂದು ಕೇಳಿದ್ದೇವೆ. ಮನೆಯ ಹಿರಿಯರು ಆ ಭಾಷೆಯನ್ನು ಅರಿಯದವರಾದರೂ ಈ ಒಂದು ಪಾಠದಲ್ಲಿ ಮಕ್ಕಳಿಗೆ ನೆರವಾಗಬಲ್ಲರೆಂಬುದು ನಮ್ಮ ಅಭಿಪ್ರಾಯ.

ಮೊದಲು ವಾರಗಳನ್ನು ನೋಡೋಣ. ನಿಚಿಯೋಬಿ, ಗೆತ್ಸುಯೋಬಿ, ಕಾಯೋಬಿ, ಸುಯಿಯೋಬಿ, ಮೊಕುಯೋಬಿ, ಕಿನ್‌ಯೋಬಿ, ದೋಯೋಬಿ. ಇವು ಭಾನುವಾರದಿಂದ ಶನಿವಾರದವರೆಗಿನ ಹೆಸರುಗಳು. 'ಯೋಬಿ' ಎಂಬುದು ನಮ್ಮ 'ವಾರ' ಎಂಬ ಪದದ ಸ್ಥಾನದಲ್ಲಿ ನಿಂತಿದೆ. ನಿಚಿ ಎಂದರೆ ಸೂರ್ಯ, ಗೆತ್ಸು ಎಂದರೆ ಚಂದ್ರ. ಉಳಿದ ಐದಕ್ಕೆ ಕ್ರಮವಾಗಿ ಬೆಂಕಿ, ನೀರು, ಮರ, ಲೋಹ, ಮಣ್ಣು ಎಂಬ ಅರ್ಥಗಳು. ಪ್ರಾಚೀನ ಚೀನೀಯರು ಮಂಗಳನನ್ನು ಬೆಂಕಿಯ ತಾರೆಯೆಂದೂ ಬುಧನನ್ನು ನೀರಿನ ತಾರೆಯೆಂದೂ ಗುರುವನ್ನು ಮರದ ತಾರೆಯೆಂದೂ ಕರೆದರು; ಶುಕ್ರನು ಲೋಹದ ತಾರೆ, ಶನಿಯು ಮಣ್ಣಿನ ತಾರೆ. ಆದುದರಿಂದ ಸೋಮ, ಮಂಗಳ, ಬುಧ ಎಂದು ಹೇಳಬಲ್ಲ ಮಗುವಿಗೆ ಈ ಕ್ರಮವನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. ಆದರೆ ಈ ಐದನ್ನು ನಮ್ಮ ಪಂಚಭೂತಗಳೊಡನೆ ಬೆರೆಸಬಾರದು. ನಮ್ಮಲ್ಲಿ ವಾಯು, ಆಕಾಶಗಳುಂಟು. ಅವರ ಐದರಲ್ಲಿ ಅವೆರಡೂ ಇಲ್ಲ.

ಈ ಸಾಮ್ಯವು ಆಕಸ್ಮಿಕವಲ್ಲ. ಗ್ರಹಗಳ ಹೆಸರಿನ ಏಳು ದಿನಗಳ ವಾರವು ನಮ್ಮ ದೇಶಕ್ಕೂ ಪಶ್ಚಿಮದಿಂದಲೇ ಬಂದುದು. ಮಧ್ಯಪ್ರದೇಶದ ಏರಣದಲ್ಲಿರುವ ಕ್ರಿ.ಶ. 484ರ ಸ್ತಂಭಶಾಸನದಲ್ಲಿ ಗುರುವಾರದ ಉಲ್ಲೇಖವಿದೆ. ಎಂಟನೆಯ ಶತಮಾನದಲ್ಲಿ ಅಮೋಘವಜ್ರನೆಂಬ ಬೌದ್ಧಾಚಾರ್ಯನು ನಕ್ಷತ್ರಗಳನ್ನೂ ಗ್ರಹವಾರಗಳನ್ನೂ ಕುರಿತ ಗ್ರಂಥವೊಂದನ್ನು ಚೀನೀ ಭಾಷೆಗೆ ತಂದನು. ಜಪಾನಿನ ಕೂಕಾಯ್ ಎಂಬ ಯತಿಯು ಚೀನಾದಲ್ಲಿ ಅಧ್ಯಯನ ಮುಗಿಸಿ 806ರಲ್ಲಿ ಸ್ವದೇಶಕ್ಕೆ ಮರಳುವಾಗ ಆ ಗ್ರಂಥವನ್ನು ಜೊತೆಗೆ ಕೊಂಡೊಯ್ದನು. ವಾರದ ಹೆಸರುಗಳು ಒಬ್ಬ ಯತಿಯ ಪುಸ್ತಕದ ಗಂಟಿನಲ್ಲಿ ಕಡಲು ದಾಟಿದುವೆಂಬುದು ಮಠದಲ್ಲಿ ಓದಿ ಬೆಳೆದ ನಮಗೆ ವಿಶೇಷ ಸಂತೋಷವನ್ನುಂಟುಮಾಡುತ್ತದೆ. ಆದರೂ ಅಲ್ಲಿಯ ಜನಜೀವನವು ವಾರವನ್ನು ಅನುಸರಿಸಿ ನಡೆಯತೊಡಗಿದ್ದು ಬಹು ತಡವಾಗಿ. ಭಾನುವಾರವು ಸರ್ಕಾರೀ ಕಚೇರಿಗಳಿಗೆ ರಜೆಯಾದುದು 1876ರಲ್ಲಿ.

ತಿಂಗಳುಗಳ ಪಾಠ ಸುಲಭ. ಕನ್ನಡದಲ್ಲಿ ತಿಂಗಳು ಎಂದರೆ ಚಂದ್ರನೂ ಹೌದು, ಮಾಸವೂ ಹೌದು. ಜಪಾನಿನಲ್ಲಿಯೂ ಅಷ್ಟೇ, ಸೋಮವಾರದ 'ಗೆತ್ಸು', ಮಾಸದ 'ಗತ್ಸು' ಎರಡನ್ನೂ ಒಂದೇ ಅಕ್ಷರದಿಂದ ಬರೆಯುತ್ತಾರೆ. ಸಂಖ್ಯೆಯ ಮುಂದೆ ಗತ್ಸು ಸೇರಿಸಿದರಾಯಿತು: ಜನವರಿ ಇಚಿಗತ್ಸು, ಫೆಬ್ರವರಿ ನಿಗತ್ಸು. ಏಪ್ರಿಲ್ ಶಿಗತ್ಸು, ಜುಲೈ ಶಿಚಿಗತ್ಸು, ಸೆಪ್ಟೆಂಬರ್ ಕುಗತ್ಸು, ಈ ಮೂರರಲ್ಲಿ ಮಾತ್ರ ಎಚ್ಚರ ಬೇಕು. ಹಳೆಯ ಮಾಸನಾಮಗಳೂ ಉಂಟು. ವರ್ಷದ ಕೊನೆಯ ಮಾಸವಾದ 'ಶಿವಾಸು' ಎಂಬುದನ್ನು ಬರೆಯುವ ಅಕ್ಷರಗಳಿಗೆ 'ಗುರು ಓಡುತ್ತಾನೆ' ಎಂದರ್ಥ. ಪ್ರವಚನಕ್ಕಾಗಿ ಊರೂರು ತಿರುಗುವ ನಮ್ಮ ಸ್ವಾಮಿಗಳನ್ನು ಕಂಡಾಗ ಈ ಹೆಸರು ನಮ್ಮ ಶ್ರಾವಣಕ್ಕೇ ಚೆನ್ನಾಗಿ ಒಪ್ಪುವುದೆನಿಸುತ್ತದೆ.

ಜಪಾನು ಚಾಂದ್ರಮಾನವನ್ನು ಬಿಟ್ಟು ಇಂದಿನ ಕ್ಯಾಲೆಂಡರನ್ನು ಸ್ವೀಕರಿಸಿದ್ದು 1873ರ ಜನವರಿ 1ರಂದು. ಅದಕ್ಕೆ ಮುನ್ನ 1872ರಲ್ಲಿ ಹೊರಟ ರಾಜಾಜ್ಞೆಯು, ಪಂಚಾಂಗದಲ್ಲಿ ಬರೆಯುತ್ತಿದ್ದ ಶುಭಾಶುಭ ದಿನಗಳ ಟಿಪ್ಪಣಿಗಳು ಬಹುಪಾಲು ನಿರಾಧಾರವೆಂದೂ ಜನರ ಜ್ಞಾನಕ್ಕೆ ಅಡ್ಡಿಯೆಂದೂ ಸ್ಪಷ್ಟವಾಗಿ ಹೇಳಿತು. ಹನ್ನೆರಡನೆಯ ಶತಮಾನದಲ್ಲಿಯೇ ನಮ್ಮ ಶರಣರು ವಾರ, ತಿಥಿ, ಲಗ್ನಗಳ ಭಯವನ್ನು ತಳ್ಳಿಹಾಕಿದವರು. ಆದರೆ ಆಜ್ಞೆ ಹೊರಟ ಮಾತ್ರಕ್ಕೆ ಭಯ ಹೋಗುವುದೇ? ಜಪಾನಿನ ಅನೇಕ ಗೋಡೆ ಕ್ಯಾಲೆಂಡರುಗಳಲ್ಲಿ ಇಂದಿಗೂ 'ತಾಯಿಯಾನ್' ಎಂಬ ಶುಭದಿನವನ್ನು ಮುದ್ರಿಸುತ್ತಾರೆ. ಮದುವೆಗೆ ಅದನ್ನೇ ಆರಿಸುವವರಿದ್ದಾರೆ. 'ತೊಮೊಬಿಕಿ' ಎಂಬ ದಿನ ಶವಸಂಸ್ಕಾರ ಮಾಡಲು ಅಂಜುತ್ತಾರೆ. ನಮ್ಮ ಮನೆಗಳಲ್ಲಿ ರಾಹುಕಾಲ ನೋಡಿ ಹೊರಡುವವರು ಇದನ್ನು ಕೇಳಿ ನಗುವಂತಿಲ್ಲ.

ಇನ್ನು ತಾರೀಖುಗಳು. ನಿಜವಾದ ತೊಡಕು ಇರುವುದು ಇಲ್ಲಿಯೇ. ಹನ್ನೊಂದರಿಂದ ಮುಂದಕ್ಕೆ ಚೀನೀ ಮೂಲದ ಸಂಖ್ಯೆಗೆ 'ನಿಚಿ' ಸೇರಿಸಿದರೆ ಬಹುಮಟ್ಟಿಗೆ ಸಾಕು. ಮೊದಲ ಹತ್ತು ದಿನಗಳಿಗೆ ಮಾತ್ರ ಅಚ್ಚ ಜಪಾನೀ ಹೆಸರುಗಳು: ತ್ಸುಯಿತಾಚಿ, ಫುತ್ಸುಕಾ, ಮಿಕ್ಕಾ, ಯೊಕ್ಕಾ, ಇತ್ಸುಕಾ, ಮುಯಿಕಾ, ನಾನೋಕಾ, ಯೋಕಾ, ಕೊಕೊನೋಕಾ, ತೋಕಾ. ತ್ಸುಯಿತಾಚಿ ಎಂಬುದರ ಮೂಲಾರ್ಥ ಚಂದ್ರನು ಹೊರಡುವುದು, ಅಂದರೆ ಮಾಸದ ಆರಂಭ.

ನಾಲ್ಕು ಯೊಕ್ಕಾ, ಎಂಟು ಯೋಕಾ. ಇವೆರಡರ ಅಂತರ ಉಸಿರಿನಷ್ಟು. ನಮಗೆ ಪರಿಚಿತರಾದ ಭಕ್ತರೊಬ್ಬರ ಮಗಳು ಆ ದೇಶಕ್ಕೆ ಹೋದ ಹೊಸತರಲ್ಲಿ, ಕೂಸಿಗೆ ಲಸಿಕೆ ಹಾಕಿಸುವ ದಿನವನ್ನು ಆಸ್ಪತ್ರೆಯವರು ಫೋನಿನಲ್ಲಿ ಯೋಕಾ ಎಂದು ತಿಳಿಸಿದರಂತೆ. ಈಕೆ ಯೊಕ್ಕಾ ಎಂದು ಕೇಳಿಸಿಕೊಂಡು, ನಾಲ್ಕನೆಯ ತಾರೀಖು ಚಳಿಯಲ್ಲಿ ಎರಡು ರೈಲು ಬದಲಿಸಿ ಕೂಸನ್ನೆತ್ತಿಕೊಂಡು ಹೋಗಿ ಬರಿಗೈಯಲ್ಲಿ ಮರಳಿದಳು. ಅಂದಿನಿಂದ ಆಕೆ ತಾರೀಖು ಕೇಳಿದೊಡನೆ ಬೆರಳು ಮಡಿಸಿ ತೋರಿಸಿ ಖಚಿತಪಡಿಸಿಕೊಳ್ಳುತ್ತಾಳೆ. ಇದು ಒಳ್ಳೆಯ ಅಭ್ಯಾಸವೇ ಸರಿ.

ಈ ಹತ್ತನ್ನು ಬರೆದು ಕಲಿಯುವುದಕ್ಕಿಂತ ಬಾಯಿಪಾಠ ಮಾಡುವುದು ಲೇಸು. ಪಾಡ್ಯ, ಬಿದಿಗೆ, ತದಿಗೆ, ಚೌತಿಗಳನ್ನು ನಾವು ಕಲಿತದ್ದು ಹಾಗೆಯೇ. ಒಂದು, ಎರಡು ಎಂದು ಎಣಿಸುವ ನಾವೂ ದಿನಗಳಿಗೆ ಬೇರೆ ಹೆಸರಿಟ್ಟವರಲ್ಲವೇ? ಅಜ್ಜಿಯು ಸಂಜೆ ಲಿಂಗಪೂಜೆಯಾದ ಮೇಲೆ ಮೊಮ್ಮಗನನ್ನು ಕೂರಿಸಿಕೊಂಡು ತಾನು ಬಿದಿಗೆ ಎನ್ನಲಿ, ಅವನು ಫುತ್ಸುಕಾ ಎನ್ನಲಿ. ಬಸವ ಜಯಂತಿ ವೈಶಾಖ ಶುದ್ಧ ತದಿಗೆಯಂದು ಬರುವುದೆಂದು ತಿಳಿಯದ ಮಕ್ಕಳು ಈಗ ಬಹಳ. ಮಿಕ್ಕಾದ ನೆಪದಲ್ಲಿ ತದಿಗೆಯೂ ಅವರ ನಾಲಿಗೆಗೆ ಬಂದೀತು.

ಹತ್ತರಾಚೆಗೂ ಮೂರು ದಿನಗಳು ನಿಯಮಕ್ಕೆ ಒಳಪಡುವುದಿಲ್ಲ: ಹದಿನಾಲ್ಕು ಜೂಯೊಕ್ಕಾ, ಇಪ್ಪತ್ತು ಹತ್ಸುಕಾ, ಇಪ್ಪತ್ತನಾಲ್ಕು ನಿಜೂಯೊಕ್ಕಾ. ಮೂವತ್ತನೆಯ ದಿನಕ್ಕೆ 'ಮಿಸೋಕಾ' ಎಂಬ ಹಳೆಯ ಹೆಸರಿತ್ತು. ಚಾಂದ್ರಮಾಸಕ್ಕೆ ಮೂವತ್ತೇ ಕೊನೆಯಾದುದರಿಂದ ಅದಕ್ಕೆ ಮಾಸಾಂತ್ಯವೆಂಬ ಅರ್ಥವೂ ಬಂದಿತು. ಡಿಸೆಂಬರ್ 31ನ್ನು ಅವರು ಈಗಲೂ 'ಓಮಿಸೋಕಾ', ಎಂದರೆ ಮಹಾ ಮೂವತ್ತು, ಎಂದೇ ಕರೆಯುತ್ತಾರೆ.