ಅಪ್ಪನ ಸೊಂಟಕ್ಕೊಂದು ಟೇಪು

ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯ ಸುತ್ತ ಕಣ್ಣು ಹಾಯಿಸಿದರೆ ಕಾಣುವುದು ಭತ್ತದ ಗದ್ದೆ, ಕಬ್ಬಿನ ಪೈರು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ತಲೆಯೆತ್ತಿದ ಮೇಲೆ ಈ ಸೀಮೆಗೆ ‘ಸಕ್ಕರೆ ನಾಡು’ ಎಂಬ ಹೆಸರೂ ಅಂಟಿಕೊಂಡಿತು. ನಾಟಿ ಹಾಕಿ, ಕಬ್ಬು ಕಡಿದು, ಹೊರೆ ಹೊತ್ತು ದಣಿದ ಮೈಯಲ್ಲಿ ಎರಡು ಮುದ್ದೆ, ಒಂದು ತುಂಡು ಬೆಲ್ಲ ಎಲ್ಲಿ ಕರಗಿಹೋಗುತ್ತಿದ್ದವೋ ತಿಳಿಯುತ್ತಿರಲಿಲ್ಲ. ಈಗ ಉಳುವುದು ಟ್ರ್ಯಾಕ್ಟರು. ಗದ್ದೆಯ ಬದುವಿನ ತನಕ ಬೈಕು. ಮುದ್ದೆಯ ಗಾತ್ರ ಮಾತ್ರ ಅಜ್ಜನ ಕಾಲದ್ದೇ. ಮಕ್ಕಳಿಗಂತೂ ಬೆಳಿಗ್ಗೆ ಬಸ್ಸು, ಹಗಲು ಬೆಂಚು, ಸಂಜೆ ಟ್ಯೂಷನ್ನು, ರಾತ್ರಿ ಮೊಬೈಲು. ಸಕ್ಕರೆ ಕಾಯಿಲೆ ಪೇಟೆಯ ಶ್ರೀಮಂತರದು ಎಂದು ಹಳ್ಳಿಯವರು ನಿಶ್ಚಿಂತರಾಗಿದ್ದ ಕಾಲ ಹೋಯಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿ 10 ಲಕ್ಷ ಮಂದಿಗೆ ಮಧುಮೇಹವಿದೆ. ಅದಕ್ಕಿಂತ ದೊಡ್ಡದು ಅದೇ ವರದಿಯ ಇನ್ನೊಂದು ಸಂಖ್ಯೆ. 13 ಕೋಟಿ 60 ಲಕ್ಷ ಮಂದಿ ಕಾಯಿಲೆಯ ಹೊಸ್ತಿಲ ಮೇಲೆ ನಿಂತಿದ್ದಾರೆ. ವೈದ್ಯರು ಸಾಮಾನ್ಯವಾಗಿ ಬಳಸುವ ಅಳತೆಯಲ್ಲಿ, ಬರಿಹೊಟ್ಟೆಯಲ್ಲಿ 100 ಮಿ.ಲೀ. ರಕ್ತದಲ್ಲಿರುವ ಸಕ್ಕರೆ 100 ಮಿ.ಗ್ರಾಂ.ಗಿಂತ ಕಡಿಮೆಯಿದ್ದರೆ ಸಹಜ. 126 ಅಥವಾ ಹೆಚ್ಚಿದ್ದು ಮತ್ತೊಂದು ಪರೀಕ್ಷೆಯಲ್ಲೂ ಹಾಗೆಯೇ ಬಂದರೆ ಮಧುಮೇಹ. ನಡುವಿನದೇ ಹೊಸ್ತಿಲು. ಅಲ್ಲಿ ನಿಂತವರಿಗೆ ನೋವಿಲ್ಲ, ಸುಸ್ತಿಲ್ಲ, ಆದ್ದರಿಂದ ಗೊತ್ತೂ ಆಗುವುದಿಲ್ಲ. ಹಿಂದಿರುಗಿ ಬರಲು ಸಾಧ್ಯವಿರುವುದು ಮುಖ್ಯವಾಗಿ ಈ ಹಂತದಲ್ಲೇ.

ಮೇದೋಜೀರಕ ಗ್ರಂಥಿ ಸ್ರವಿಸುವ ಇನ್ಸುಲಿನ್, ರಕ್ತದ ಸಕ್ಕರೆಯನ್ನು ಸ್ನಾಯುಗಳ ಒಳಕ್ಕೆ ಬಿಡುವ ಬೀಗದ ಕೈ ಇದ್ದಂತೆ. ಹೊಟ್ಟೆಯ ಸುತ್ತ, ಪಿತ್ತಜನಕಾಂಗದ ಒಳಗೆ ಕೊಬ್ಬು ಶೇಖರವಾದಾಗ ಬೀಗ ತುಕ್ಕು ಹಿಡಿಯುತ್ತದೆ. ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿದು ಕೆಲವು ವರ್ಷ ಸಂಭಾಳಿಸುತ್ತದೆ, ಕೊನೆಗೆ ಸೋಲುತ್ತದೆ. ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವವರು ‘ನಾನೇನು ದಪ್ಪಗಿಲ್ಲ’ ಎಂದುಕೊಳ್ಳುವಂತಿಲ್ಲ. ನಮ್ಮ ಜನರ ಮೈಕಟ್ಟಿನ ತೊಡಕೇ ಅದು.

ಈ ತೊಡಕು ಎಷ್ಟು ಬೇಗ ಶುರುವಾಗುತ್ತದೆಂಬುದಕ್ಕೆ ಅರಕೆರೆಗೆ ಹತ್ತಿರದ ಮೈಸೂರಿನಲ್ಲೇ ಉತ್ತರ ಸಿಕ್ಕಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಪ್ರತಿ ಶಿಶುವಿನ ತೂಕ, ಉದ್ದಗಳನ್ನು ಬರೆದಿಡುವ ಪದ್ಧತಿಯಿತ್ತು. ಆ ಹಳೆಯ ದಾಖಲೆಗಳ ಆಸರೆಯಿಂದ ಸಂಶೋಧಕರು ಆಗಿನ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. ಮುಂದೆ 1997ರಲ್ಲಿ ಗರ್ಭಿಣಿಯರನ್ನೇ ನೋಂದಾಯಿಸಿಕೊಂಡು ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಆರಂಭವಾಯಿತು. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಕಂಡಿದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತೂವರೆ ವರ್ಷದ ಹೊತ್ತಿಗಾಗಲೇ ಇತರರಿಗಿಂತ ಮೈಕೊಬ್ಬು, ರಕ್ತದ ಇನ್ಸುಲಿನ್ ಎರಡೂ ಹೆಚ್ಚಿದ್ದವು. ‘ಹೆರಿಗೆಯಾಯಿತು, ಸಕ್ಕರೆ ಹೋಯಿತು’ ಎಂದು ಸುಮ್ಮನಾಗುವ ಮನೆಗಳು ಇದನ್ನು ಮರೆಯಬಾರದು. ತಾಯಿಯೂ ಮಗುವೂ ಎಚ್ಚರದಿಂದಿರಬೇಕಾದವರೇ.

ಎಚ್ಚರವೆಂದರೆ ಏನು ಮಾಡಬೇಕು? ಅಮೆರಿಕದಲ್ಲಿ ಹೊಸ್ತಿಲ ಮೇಲಿದ್ದ ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಸುಮಾರು ಮೂರು ವರ್ಷ ಗಮನಿಸಿದ ಅಧ್ಯಯನ 2002ರಲ್ಲಿ ಹೊರಬಂತು. ತೂಕದಲ್ಲಿ ಶೇ 7ರಷ್ಟನ್ನು ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು, ಇಷ್ಟೇ ಅವರ ಮುಂದಿದ್ದ ಗುರಿ. 70 ಕಿಲೋ ತೂಗುವವರಿಗೆ ಅದು ಐದು ಕಿಲೋಗಿಂತ ಕಡಿಮೆ. ಈ ಗುಂಪಿನಲ್ಲಿ ಮಧುಮೇಹಕ್ಕೆ ಜಾರುವ ಪ್ರಮಾಣ ಶೇ 58ರಷ್ಟು ಇಳಿಯಿತು. ಮಾತ್ರೆ ನುಂಗಿದ ಗುಂಪಿನಲ್ಲಿ ಇಳಿದದ್ದು ಶೇ 31.

ಅದಕ್ಕಿಂತ ಕುತೂಹಲದ್ದು 2006ರಲ್ಲಿ ಪ್ರಕಟವಾದ ಚೆನ್ನೈ ಅಧ್ಯಯನ. 531 ಮಂದಿಯಲ್ಲಿ ವಿಶೇಷ ಸಲಹೆಯೇನೂ ಇಲ್ಲದ ಗುಂಪಿನ ನೂರಕ್ಕೆ 55 ಜನ ಮೂರು ವರ್ಷದೊಳಗೆ ಮಧುಮೇಹಿಗಳಾದರು. ದಿನಕ್ಕೆ ಅರ್ಧ ಗಂಟೆ ನಡಿಗೆ, ಕಡಿಮೆ ಸಕ್ಕರೆ, ಕಡಿಮೆ ಜಿಡ್ಡು, ಹೆಚ್ಚು ನಾರು ಎಂಬ ನಿಯಮ ಹಿಡಿದವರಲ್ಲಿ 39. ಸೋಜಿಗವೆಂದರೆ ಇವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ದುಡಿಯುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳಬಲ್ಲದು. ತಕ್ಕಡಿಯ ಮುಳ್ಳು ಅಲುಗಲಿಲ್ಲವೆಂದು ತಿಂಗಳಿಗೇ ನಡಿಗೆ ಬಿಟ್ಟುಬಿಡುವವರು ಇದನ್ನು ಗಮನಿಸಬೇಕು. ಇನ್ನೊಂದು ಮಾತು: ಮೈಮುರಿದು ದುಡಿಯುತ್ತಿದ್ದವರಿಗೆ ಚೆನ್ನೈನ ವೈದ್ಯರು ಬೇರೆ ನಡಿಗೆ ಹೇಳಲೇ ಇಲ್ಲ, ಅದನ್ನೇ ಮುಂದುವರಿಸಿ ಎಂದರು. ಗುದ್ದಲಿ ಹಿಡಿಯುವವನಿಗೆ ಜಿಮ್ ಬೇಕಿಲ್ಲ.

ಅಡುಗೆಮನೆಯ ಲೆಕ್ಕವನ್ನು ಮಕ್ಕಳೇ ಮಾಡಬಹುದು. ಒಂದು ಲೋಟ ಟೀಗೆ ಎರಡು ಚಮಚ, ಅಂದರೆ ಸುಮಾರು 10 ಗ್ರಾಂ ಸಕ್ಕರೆ. ದಿನಕ್ಕೆ ನಾಲ್ಕು ಲೋಟವಾದರೆ 40 ಗ್ರಾಂ, ವರ್ಷಕ್ಕೆ 14 ಕಿಲೋ ದಾಟುತ್ತದೆ. ಹಾಗೆ ಕುಡಿಯುವ ನಾಲ್ವರಿರುವ ಮನೆಯಲ್ಲಿ 50 ಕಿಲೋದ ಒಂದು ಮೂಟೆಗೂ ಮಿಕ್ಕಿ! ಬೇಕರಿಯ ಬನ್ನು, ಬಾಟಲಿ ಪಾನೀಯ, ಹಬ್ಬದ ಒಬ್ಬಟ್ಟು ಈ ಲೆಕ್ಕಕ್ಕೆ ಸೇರಿಲ್ಲ. ‘ನಾವು ಬೆಲ್ಲವನ್ನೇ ಬಳಸುವುದು’ ಎಂಬ ಸಮಾಧಾನವೂ ಬೇಡ. ಬೆಲ್ಲದ ಬಹುಪಾಲು ಸಕ್ಕರೆಯೇ. ರಾಗಿ ಒಳ್ಳೆಯ ಧಾನ್ಯ, ನಾರಿನಂಶವಿದೆ. ಆದರೂ ಅದರ ಹೆಚ್ಚಿನ ಭಾಗ ಪಿಷ್ಟ. ಎರಡು ಮುದ್ದೆಯನ್ನು ಒಂದಕ್ಕಿಳಿಸಿ, ಸೊಪ್ಪು, ಕಾಳಿನ ಪಲ್ಯವನ್ನು ಎರಡರಷ್ಟು ಬಡಿಸಿದರೆ ಹೊಟ್ಟೆಯೂ ತುಂಬುತ್ತದೆ. ಉಂಡ ಮೇಲೆ ಜಗಲಿಗೆ ಒರಗುವ ಬದಲು ಹದಿನೈದು ನಿಮಿಷ ಬೀದಿಯಲ್ಲಿ ಅಡ್ಡಾಡಿದರೆ ಊಟದ ನಂತರ ಏರುವ ಸಕ್ಕರೆಗೆ ಕಡಿವಾಣ ಬೀಳುತ್ತದೆ.

ಇನ್ನು ಟೇಪಿನ ವಿಚಾರ. ಚೆನ್ನೈನ ಡಾ. ವಿ. ಮೋಹನ್ ಮತ್ತು ಸಂಗಡಿಗರು 2005ರಲ್ಲಿ ರೂಪಿಸಿದ ಅಂಕಪಟ್ಟಿಯೊಂದಿದೆ. ವಯಸ್ಸು 35ರಿಂದ 49 ಆದರೆ 20 ಅಂಕ, 50 ದಾಟಿದರೆ 30. ಗಂಡಸರ ಸೊಂಟದ ಸುತ್ತಳತೆ 90ರಿಂದ 99 ಸೆಂ.ಮೀ. ಇದ್ದರೆ 10, ನೂರು ಮುಟ್ಟಿದರೆ 20. ಹೆಂಗಸರಿಗೆ ಈ ಮಿತಿಗಳು 80 ಮತ್ತು 90. ಹೆತ್ತವರಲ್ಲಿ ಒಬ್ಬರಿಗೆ ಕಾಯಿಲೆಯಿದ್ದರೆ 10, ಇಬ್ಬರಿಗೂ ಇದ್ದರೆ 20. ದೇಹಶ್ರಮವೇ ಇಲ್ಲದವರಿಗೆ 30. ಮೊತ್ತ 60 ಅಥವಾ ಹೆಚ್ಚು ಬಂದರೆ ಅಪಾಯ ಜಾಸ್ತಿ. ಈ ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದ ಅಪ್ಪನನ್ನು ಯಾರೂ ಹೊಗಳುವಂತಿಲ್ಲ! ವಯಸ್ಸು, ವಂಶ ಬದಲಾಗವು; ಸೊಂಟ ಮತ್ತು ಶ್ರಮ, ಅಂದರೆ ನೂರರಲ್ಲಿ 50 ಅಂಕ, ಕೈಯಲ್ಲೇ ಇವೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ ಅಳೆಯಬೇಕು. ಹೊಟ್ಟೆ ಒಳಗೆಳೆದುಕೊಳ್ಳುವ ಅಪ್ಪಂದಿರಿಗೆ ಮಕ್ಕಳೇ ಮೇಷ್ಟರಾಗಲಿ.

ಮಕ್ಕಳ ಮಾತು ಬೇರೆ. ಬೆಳೆಯುವ ವಯಸ್ಸಿನವರು ಉಪವಾಸ ಬಿದ್ದು ತೂಕ ಇಳಿಸುವುದು ಸಲ್ಲದು. ದಪ್ಪಗಿರುವ ಹೆಚ್ಚಿನ ಮಕ್ಕಳಿಗೆ ಎತ್ತರ ಏರುವಾಗ ತೂಕ ಏರದಂತೆ ನೋಡಿಕೊಂಡರೆ ಸಾಕು. ಅದಕ್ಕೆ ದಿನಕ್ಕೊಂದು ಗಂಟೆ ಕಬಡ್ಡಿ, ಖೋ ಖೋ, ಸೈಕಲ್ ಏನಾದರೂ ಇರಲಿ. ಎಸ್ಸೆಸ್ಸೆಲ್ಸಿ ಎಂದು ಆಟವನ್ನೇ ನಿಲ್ಲಿಸುವ ಪೋಷಕರು ಮತ್ತೊಮ್ಮೆ ಯೋಚಿಸಬೇಕು. ಆದರೆ ಯಾವ ಪ್ರಯತ್ನವೂ ಇಲ್ಲದೆ ಮಗು ತಾನಾಗಿ ಸೊರಗುತ್ತಾ, ವಿಪರೀತ ಬಾಯಾರಿ, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುತ್ತಿದ್ದರೆ ಅದು ಇನ್ಸುಲಿನ್ನೇ ಬತ್ತಿಹೋಗುವ ಬೇರೆ ಬಗೆಯ ಮಧುಮೇಹವಿರಬಹುದು. ಆಗ ಪಥ್ಯ, ನಡಿಗೆ ಎನ್ನುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು.

30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ, ರಕ್ತದೊತ್ತಡಗಳ ತಪಾಸಣೆಗೆ ಅವಕಾಶವಿದೆ. ಹೊಸ್ತಿಲ ಮೇಲಿದ್ದಾರೆಂದು ಗೊತ್ತಾದವರು ವರ್ಷಕ್ಕೊಮ್ಮೆಯಾದರೂ ಮತ್ತೆ ಪರೀಕ್ಷೆ ಮಾಡಿಸಬೇಕು. ಹೋಗುವಾಗ ಹಿಂದಿನ ವರ್ಷದ ಚೀಟಿಯನ್ನೂ, ಮಕ್ಕಳು ಬರೆದಿಟ್ಟ ಸೊಂಟದ ಅಳತೆಯನ್ನೂ ಜೇಬಿನಲ್ಲಿಟ್ಟುಕೊಂಡರೆ ವೈದ್ಯರಿಗೆ ಹೋಲಿಸಿ ನೋಡಲು ಅನುಕೂಲ.