ಸಂತಾನ ಚಿಕಿತ್ಸೆಯೂ ಪತಿಯ ಪಾಲೂ

ಮದುವೆಯಾಗಿ ನಾಲ್ಕೈದು ವರ್ಷ ಕಳೆದರೂ ತೊಟ್ಟಿಲು ಕಟ್ಟದ ಮನೆಯಲ್ಲಿ ಔಷಧ, ಪಥ್ಯ, ಹರಕೆಗಳೆಲ್ಲವೂ ಸೊಸೆಯ ಪಾಲಿಗೇ ಬರುವುದನ್ನು ನಾವು ಕಂಡಿದ್ದೇವೆ. ಅಂಡವನ್ನೂ ವೀರ್ಯಾಣುವನ್ನೂ ದೇಹದ ಹೊರಗೆ ಕೂಡಿಸಿ ಭ್ರೂಣವನ್ನು ಗರ್ಭಕ್ಕೆ ಸೇರಿಸುವ ಚಿಕಿತ್ಸೆಯು 1978ರಲ್ಲಿಯೇ ಫಲಕೊಟ್ಟಿತಾದರೂ, ಗಂಡನಾದವನು ಹಣವನ್ನು ತೆತ್ತು ಒಂದು ದಿನ ವೈದ್ಯಶಾಲೆಗೆ ಬಂದುಹೋದರೆ ತನ್ನ ಕರ್ತವ್ಯ ತೀರಿತೆಂಬ ಭಾವನೆ ಇನ್ನೂ ಹೋಗಿಲ್ಲ.

1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಲೇಥ್ರಾಪ್ ಎಂಬ ಊರಿನ ಕಾರ್ಖಾನೆಯೊಂದರಲ್ಲಿ, ಪೈರಿನ ಬೇರು ತಿನ್ನುವ ಹುಳುಗಳನ್ನು ಕೊಲ್ಲುವ ಡಿ.ಬಿ.ಸಿ.ಪಿ. ಎಂಬ ವಿಷದ್ರವ್ಯ ತಯಾರಾಗುತ್ತಿದ್ದಿತು. ತಮ್ಮಲ್ಲಿ ಅನೇಕರಿಗೆ ಮಕ್ಕಳಾಗುತ್ತಿಲ್ಲವಲ್ಲ ಎಂಬ ಮಾತು ಕೆಲಸಗಾರರ ನಡುವೆಯೇ ಮೊದಲು ಹುಟ್ಟಿತು. ಪರೀಕ್ಷಿಸಿ ನೋಡಲಾಗಿ ಹಲವರಲ್ಲಿ ವೀರ್ಯಾಣುಗಳು ತೀರ ಕಡಿಮೆಯಿದ್ದುವು. ಕೆಲವರಲ್ಲಿ ಇರಲೇ ಇಲ್ಲ. ಆ ದ್ರವ್ಯದಿಂದ ದೂರವಾದ ಮೇಲೆ ಕೆಲವರು ಚೇತರಿಸಿಕೊಂಡರು. ಬಹುಕಾಲ ಅದರಲ್ಲಿ ದುಡಿದಿದ್ದ ಕೆಲವರಿಗೆ ಆ ಭಾಗ್ಯವೂ ಇಲ್ಲದೆ ಹೋಯಿತು. ಅಷ್ಟರೊಳಗೆ ಅವರ ಮಡದಿಯರಲ್ಲಿ ಎಷ್ಟು ಮಂದಿ ಬಂಜೆಯೆಂಬ ಅಪವಾದವನ್ನು ಹೊತ್ತಿದ್ದರೋ, ಬಲ್ಲವರಾರು!

ಅದು ಕಾರ್ಖಾನೆಯ ಘೋರವಿಷದ ಮಾತಾಯಿತು. ಮನೆಯೊಳಗಿನ ಅಲ್ಪಾಂಶಗಳ ವಿಷಯವೇನು? ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಸಂತಾನಾಪೇಕ್ಷೆಯಿಂದ ಬರುವ ದಂಪತಿಗಳನ್ನು ಹಾರ್ವರ್ಡಿನ ವಿದ್ವಾಂಸರು 2004ರಿಂದ ಪರಿಶೀಲಿಸತೊಡಗಿ, ಪತಿಪತ್ನಿಯರಿಬ್ಬರ ಮೂತ್ರವನ್ನೂ ಪರೀಕ್ಷಿಸಿದರು. ಸೋಫಾ, ಕುರ್ಚಿಗಳ ಮೆತ್ತೆಗೆ ಬೆಂಕಿ ಹತ್ತದಿರಲೆಂದು ಬೆರೆಸುವ ರಂಜಕಯುಕ್ತ ದ್ರವ್ಯಗಳುಂಟು. ಇವು ಧೂಳಿನೊಡನೆ ಕೈಗೂ, ಕೈಯಿಂದ ಬಾಯಿಗೂ ಬರುತ್ತವೆ. 2017ರಲ್ಲಿ ಪ್ರಕಟವಾದ, 211 ಸ್ತ್ರೀಯರ ಪರೀಕ್ಷೆಯಲ್ಲಿ, ಇವುಗಳ ಅಂಶ ಹೆಚ್ಚಿದ್ದವರಿಗೆ ಕಡಿಮೆಯಿದ್ದವರಿಗಿಂತ ಮಗು ಹುಟ್ಟುವ ಸಂಭವ ಶೇಕಡಾ 38ರಷ್ಟು ತಗ್ಗಿದ್ದಿತು. ಮರುವರ್ಷ ಪತಿಯರನ್ನು ನೋಡಿದಾಗ, ಇಂಥ ದ್ರವ್ಯವೊಂದರ ಅಂಶ ಅವರಲ್ಲಿ ಹೆಚ್ಚಿದ್ದೆಡೆ ಅಂಡವು ಫಲಿಸುವುದೂ ಕಡಿಮೆಯಾಗಿದ್ದಿತು. ಇಷ್ಟರಿಂದಲೇ ಅದೇ ಕಾರಣವೆಂದು ಸಿದ್ಧವಾಗದು. ಆದರೂ ಗಂಡನನ್ನು ಲೆಕ್ಕದಿಂದ ಬಿಡುವಂತಿಲ್ಲ.

ವೀರ್ಯಾಣುವೊಂದು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ಆದುದರಿಂದ ಪತಿಯ ಎಚ್ಚರಿಕೆಯು ಚಿಕಿತ್ಸೆಗೆ ಮೂರು ತಿಂಗಳು ಮುಂಚೆಯೇ ಮೊದಲಾಗತಕ್ಕದ್ದು. ಬೆಳೆಗೆ ಔಷಧಿ ಹೊಡೆಯುವವರೂ, ಬ್ಯಾಟರಿಯ ಸೀಸದಲ್ಲಿ ಕೆಲಸಮಾಡುವವರೂ, ಬಣ್ಣ ಬಳಿಯುವವರೂ ತಮ್ಮ ಉದ್ಯೋಗವನ್ನು ವೈದ್ಯರಿಗೆ ತಾವಾಗಿ ತಿಳಿಸಬೇಕು (ಎಲ್ಲ ವೈದ್ಯರೂ ಕೇಳುವುದಿಲ್ಲ). ಸೀಸವು ಎಲುಬಿನಲ್ಲಿ ವರ್ಷಗಟ್ಟಲೆ ನಿಲ್ಲುವುದರಿಂದ ಅದಕ್ಕೆ ರಕ್ತಪರೀಕ್ಷೆಯೇ ಆಗಬೇಕು. ಕೆಲಸದ ಬಟ್ಟೆಗಳನ್ನು ಬೇರೆಯಾಗಿ ಒಗೆಯುವುದು, ಮೆತ್ತೆ ಹರಿದಿದ್ದರೆ ಹೊಲಿಸುವುದು, ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಊಟಕ್ಕೆ ಮುಂಚೆ ಕೈ ತೊಳೆಯುವುದು ಇವೆಲ್ಲ ಖರ್ಚಿಲ್ಲದ ಕೆಲಸಗಳು. ಬೀಡಿ ಸಿಗರೇಟುಗಳ ಮಾತನ್ನು ಬೇರೆ ಹೇಳಬೇಕೆ?

ಒಂದು ಮಾತು ಮಾತ್ರ ಉಂಟು. ಹೆಂಡತಿಗೆ ಮೂವತ್ತೈದು ದಾಟಿದ್ದರೆ ಈ ಶುದ್ಧಿಯ ನೆಪದಿಂದ ಚಿಕಿತ್ಸೆಯನ್ನು ಮುಂದೂಡಬಾರದು; ಎರಡೂ ಜೊತೆಯಲ್ಲಿಯೇ ನಡೆಯಲಿ.