ಹಿಂದಿನ ಗಾಜಿನ ಬಿಲ್ಲು ಯಾರ ಹೆಸರಿಗೆ ಬರೀಲಿ?

ಕಾರಿನ ಎದುರಿನ ಗಾಜು ಒಡೆದರೆ ಅದಕ್ಕೆ ನೂರು ಕಾರಣ ಇರಬಹುದು. ಲಾರಿಯ ಚಕ್ರದಡಿಯಿಂದ ಚಿಮ್ಮಿದ ಜಲ್ಲಿ, ಗಾಳಿಗೆ ಬಿದ್ದ ತೆಂಗಿನ ಮಡಲು, ಎಂತದೂ ಆಗಬಹುದು. ಹಿಂದಿನ ಗಾಜು ಹಾಗಲ್ಲ. ನಮ್ಮ ಕಾಸರಗೋಡಿನಲ್ಲಿ ಹಿಂದಿನ ಗಾಜಿಲ್ಲದ ಕಾರು ಕಂಡರೆ "ಎಂತಾಯ್ತು?" ಅಂತ ಕೇಳುವವರು ಕಡಿಮೆ. "ಯಾವ ಹರತಾಳದ್ದು?" ಅಂತ ಕೇಳುವವರೇ ಜಾಸ್ತಿ!

ಯಾಕೆ ಹಿಂದಿನದ್ದೇ ಒಡೆಯುತ್ತದೆ? ಉತ್ತರ ಸುಲಭ. ಎದುರಿಗೆ ನಿಂತು ಕಲ್ಲು ಎಸೆದರೆ ಕಾರಿನ ಒಳಗಿದ್ದವರು ಮುಖ ನೋಡ್ತಾರೆ. ಊರು ಚಿಕ್ಕದು, ಗುರುತು ಸಿಕ್ಕಿಬಿಡುತ್ತದೆ. ಆದ್ದರಿಂದ ಕಾರು ದಾಟಿ ಹೋಗಲಿ ಅಂತ ಕಾಯುವುದು, ಆಮೇಲೆ ಬೀಸುವುದು. ಇದಕ್ಕೆ 'ಹೋರಾಟ' ಅಂತ ಹೆಸರು. ಬೆನ್ನಿಗೆ ಹೊಡೆಯುವುದಕ್ಕೆ ಕನ್ನಡದಲ್ಲಿ ಬೇರೆ ಶಬ್ದ ಉಂಟು, ನಾನು ಮೇಷ್ಟ್ರು, ಇಲ್ಲಿ ಬರೆಯುವುದಿಲ್ಲ.

ಹರತಾಳದ ದಿನ ರೋಗಿಯನ್ನು ಮಂಗಳೂರಿಗೆ ಕರೆದುಕೊಂಡು ಹೋಗುವವರು ಕಾರಿನ ಎದುರಿನ ಗಾಜಿಗೆ 'ಆಸ್ಪತ್ರೆ' ಅಂತ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸುತ್ತಾರೆ. ಮದುವೆಗೆ ಹೋಗುವವರು 'ಮದುವೆ' ಅಂತ ಅಂಟಿಸುತ್ತಾರೆ. ಹಾಲು, ಪತ್ರಿಕೆ, ಆಸ್ಪತ್ರೆ, ಮದುವೆಗೆ ವಿನಾಯಿತಿ ಅಂತ ಹಿಂದಿನ ದಿನ ನಾಯಕರು ದೊಡ್ಡ ಮನಸ್ಸಿನಿಂದ ಹೇಳಿರುತ್ತಾರಲ್ಲ! ಆದರೆ ಎದುರಿನ ಚೀಟಿಯನ್ನು ಹಿಂದಿನಿಂದ ಬೀಸುವವನು ಓದುವುದು ಹೇಗೆ ಮಾರಾಯ್ರೇ?

ಅಷ್ಟಕ್ಕೂ ಈ 'ಹರತಾಳ' ಅನ್ನುವ ಶಬ್ದವನ್ನೇ ಸ್ವಲ್ಪ ನೋಡಿ. ಇದು ಗುಜರಾತಿನ ಕಡೆಯಿಂದ ಬಂದದ್ದು. ಹಾಟ್ ಅಂದರೆ ಅಂಗಡಿ, ತಾಳ ಅಂದರೆ ಬೀಗ. ತನ್ನ ಅಂಗಡಿಗೆ ತಾನು ಬೀಗ ಹಾಕುವುದು, ಅಷ್ಟೆ. 1919ರ ಏಪ್ರಿಲ್ 6ರಂದು ರೌಲತ್ ಕಾಯ್ದೆಯ ವಿರುದ್ಧ ಗಾಂಧೀಜಿ ಕರೆ ಕೊಟ್ಟ ಹರತಾಳ ಉಪವಾಸದ ದಿನ, ಪ್ರಾರ್ಥನೆಯ ದಿನ. ನಷ್ಟ ಮಾಡಿಕೊಳ್ಳುವವನು ತಾನೇ ಆಗಿರಬೇಕು ಅನ್ನುವುದು ಅದರ ಮೂಲ ತತ್ವ. ಈಗ ನೋಡಿ, ಬೀಗ ನಮ್ಮ ಅಂಗಡಿಗೆ, ಕಲ್ಲು ನಮ್ಮ ಕಾರಿಗೆ, ಜೈಕಾರ ಅವರಿಗೆ.

ಕೇರಳದಲ್ಲಿ ಮೊದಲು ಇದಕ್ಕೆ 'ಬಂದ್' ಅಂತಿದ್ದರು. 1997ರಲ್ಲಿ ಕೇರಳ ಹೈಕೋರ್ಟಿನ ಪೂರ್ಣ ಪೀಠ ಬಂದ್ ಕರೆಯುವುದೇ ಸಂವಿಧಾನ ವಿರೋಧಿ ಅಂತ ತೀರ್ಪು ಕೊಟ್ಟಿತು. ಅದೇ ವರ್ಷ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು. ನಮ್ಮ ನಾಯಕರು ಎಂತ ಮಾಡಿದರು? ಬಂದ್ ಬಿಟ್ಟರು. ಮರುದಿನದಿಂದ ಹರತಾಳ ಶುರು! ಹೆಸರು ಬದಲು, ಕಲ್ಲು ಅದೇ. ಪರೀಕ್ಷೆಯಲ್ಲಿ ಹುಡುಗ ಹೀಗೆ ಹೆಸರು ಮಾತ್ರ ತಿದ್ದಿ ಅದೇ ತಪ್ಪು ಉತ್ತರ ಬರೆದರೆ ನಾವು ಸೊನ್ನೆ ಕೊಡುತ್ತೇವೆ. ಇವರಿಗೆ ಓಟು ಕೊಟ್ಟಿದ್ದೇವೆ.

ಈ ಪಕ್ಷ, ಆ ಪಕ್ಷ ಅಂತ ನಾನು ಬೆರಳು ತೋರಿಸುವುದಿಲ್ಲ, ಯಾಕೆಂದರೆ ಹತ್ತು ಬೆರಳೂ ಸಾಲುವುದಿಲ್ಲ. ಎಡ, ಬಲ, ನಡು, ದೇವರ ಹೆಸರಿನವರು, ಧರ್ಮದ ಹೆಸರಿನವರು, ಎಲ್ಲರದ್ದೂ ಆಗಿದೆ. 2019ರ ಜನವರಿ 3ರಂದು ಶಬರಿಮಲೆಯ ಹೆಸರಿನ ಹರತಾಳದಲ್ಲಿ ನಮ್ಮ ಮಂಜೇಶ್ವರ ಕಡೆ ನಡೆದ ಗಲಾಟೆ ಯಾರಿಗೂ ಮರೆತಿರಲಿಕ್ಕಿಲ್ಲ. ಅದಾಗಿ ನಾಲ್ಕೇ ದಿನಕ್ಕೆ, ಜನವರಿ 7ಕ್ಕೆ, ಏಳು ದಿನ ಮೊದಲು ನೋಟಿಸು ಕೊಡದೆ ಹರತಾಳ ಕರೆಯಬಾರದು ಅಂತ ಹೈಕೋರ್ಟು ಹೇಳಿತು. ಫೆಬ್ರವರಿ 17ರಂದು ನಮ್ಮದೇ ಜಿಲ್ಲೆಯ ಪೆರಿಯದಲ್ಲಿ ಇಬ್ಬರು ಯುವಕರ ಕೊಲೆಯಾಯಿತು. ಘೋರ ಕೃತ್ಯ, ಯಾರ ಕರುಳಾದರೂ ಚುರ್ ಅನ್ನುವಂಥದ್ದು. ಆದರೆ ಅದಕ್ಕೆ ಉತ್ತರವಾಗಿ ಬಂದದ್ದು ರಾತ್ರೋರಾತ್ರಿ ಘೋಷಿಸಿದ ರಾಜ್ಯವ್ಯಾಪಿ ಹರತಾಳ. ಏಳು ದಿನದ ನೋಟಿಸು ಬಿಡಿ, ಏಳು ಗಂಟೆಯ ನೋಟಿಸೂ ಇರಲಿಲ್ಲ. ಎಸ್ಸೆಸ್ಸೆಲ್ಸಿ ಮಾದರಿ ಪರೀಕ್ಷೆಯನ್ನು ಮುಂದೂಡಬೇಕಾಯಿತು. ಹೈಕೋರ್ಟು ತಾನಾಗಿಯೇ ನ್ಯಾಯಾಂಗ ನಿಂದನೆಯ ಪ್ರಕರಣ ತೆಗೆದುಕೊಂಡಿತು. ಸತ್ತ ಮಕ್ಕಳ ತಾಯಂದಿರ ಕಣ್ಣೀರಿಗೂ ದಾರಿಯಲ್ಲಿ ಹೋಗುವವನ ಕಾರಿನ ಗಾಜಿಗೂ ಎಂತ ಸಂಬಂಧ ಅಂತ ಇವತ್ತಿನವರೆಗೆ ಯಾರೂ ನನಗೆ ಹೇಳಿಕೊಟ್ಟಿಲ್ಲ.

ಈಗ ಗಾಜಿನ ವಿಷಯಕ್ಕೆ ಬರೋಣ. "ಒಂದು ಗಾಜು ಅಲ್ವಾ ಮಾಷ್ಟ್ರೇ, ಅದಕ್ಕೆಂತ ಇಷ್ಟು ದೊಡ್ಡ ಭಾಷಣ?" ಅಂತ ನನಗೆ ಹೇಳಿದವರಿದ್ದಾರೆ. ಹೌದು, ಒಂದು ಗಾಜು. ಆದರೆ ಈ ಒಂದು ಗಾಜು ಎಂಥದ್ದು ಅಂತ ಗೊತ್ತುಂಟಾ? ಎದುರಿನ ಗಾಜು ಎರಡು ಪದರದ್ದು, ನಡುವೆ ಪ್ಲಾಸ್ಟಿಕ್ಕಿನ ಹಾಳೆ. ಕಲ್ಲು ಬಿದ್ದರೆ ಬಿರುಕು ಬಿಡುತ್ತದೆ, ಆದರೆ ನಿಂತಲ್ಲೇ ನಿಲ್ಲುತ್ತದೆ. ಸಣ್ಣ ಚುಕ್ಕೆಯಾದರೆ ತುಂಬಿಸಿ ಕೊಡುತ್ತಾರೆ. ಹಿಂದಿನದ್ದು ಸಾಮಾನ್ಯವಾಗಿ ಟಫನ್ಡ್ ಗಾಜು. ಅದನ್ನು ಆರುನೂರು ಡಿಗ್ರಿಗಿಂತ ಮೇಲೆ ಕಾಯಿಸಿ, ಗಾಳಿ ಊದಿ ಫಕ್ಕನೆ ತಣಿಸಿರುತ್ತಾರೆ. ಮೇಲ್ಮೈ ಒಳಮುಖವಾಗಿ ಬಿಗಿದುಕೊಂಡಿರುತ್ತದೆ. ಆ ಬಿಗಿ ಒಂದು ಕಡೆ ತಪ್ಪಿದರೆ ಇಡೀ ಗಾಜು ಒಂದೇ ಸಲಕ್ಕೆ ಕಲ್ಲುಸಕ್ಕರೆಯ ಹಾಗೆ ಪುಡಿ. ಅಂಚು ಚೂಪಾಗಿ ಕತ್ತರಿಸದಿರಲಿ ಅಂತಲೇ ಈ ಏರ್ಪಾಡು. ಒಳ್ಳೆಯದೇ. ಆದರೆ ತೇಪೆ ಹಾಕಲಿಕ್ಕಿಲ್ಲ, ಅರ್ಧ ಉಳಿಸಲಿಕ್ಕಿಲ್ಲ. ಪೂರ್ತಿ ಗಾಜೇ ಹೊಸತು ಹಾಕಬೇಕು.

ನನ್ನ ಹಳೆಯ ಕಾರಿಗೂ ಒಮ್ಮೆ ಈ ಯೋಗ ಬಂದಿತ್ತು. ಯಾವ ಹರತಾಳ, ಯಾರದ್ದು ಅಂತ ಬೇಡ. ಹಿಂದಿನ ಸೀಟಿನಲ್ಲಿ ಉತ್ತರ ಪತ್ರಿಕೆಯ ಕಟ್ಟು ಮಾತ್ರ ಇತ್ತು, ಮಕ್ಕಳು ಇರಲಿಲ್ಲ. ಗಾಜು ಇಲ್ಲಿ ಸ್ಟಾಕಿಲ್ಲ ಅಂದರು, ಮಂಗಳೂರಿನಿಂದ ತರಿಸಬೇಕಾಯಿತು. ಅಲ್ಲಿಯವರೆಗೆ ಪ್ಲಾಸ್ಟಿಕ್ ಹಾಳೆಗೆ ಟೇಪು ಅಂಟಿಸಿ ಓಡಾಟ. ಅದೂ ಮಳೆಗಾಲದಲ್ಲಿ! ಹಳೆಯ ಅಂಟು ಕೆರೆದು ತೆಗೆದು, ಹೊಸ ಅಂಟು ಹಾಕಿ, ಗಾಜು ಕೂರಿಸಿ, ಅದು ಬಿಗಿಯುವವರೆಗೆ ಬಾಗಿಲು ಜೋರಾಗಿ ಹಾಕಬೇಡಿ ಅಂತ ಬುದ್ಧಿ ಹೇಳಿ ಕಳಿಸಿದರು. ಗಾಜು, ಕೂಲಿ ಎಲ್ಲ ಸೇರಿ ಆರು ಸಾವಿರ. ಬೆಲ್ಟಿನ ಸಂದಿಯಿಂದ, ಸೀಟಿನ ಅಡಿಯಿಂದ ಗಾಜಿನ ಹರಳು ತಿಂಗಳುಗಟ್ಟಲೆ ಸಿಗುತ್ತಾ ಇದ್ದವು.

"ಇನ್ಶೂರೆನ್ಸ್ ಉಂಟಲ್ಲ?" ಅನ್ನುತ್ತೀರಿ. ಬನ್ನಿ, ಕರಿಹಲಗೆಯ ಮೇಲೆ ಲೆಕ್ಕ ಮಾಡುವ. ಥರ್ಡ್ ಪಾರ್ಟಿ ಮಾತ್ರ ಇದ್ದವರಿಗೆ ಚಿಕ್ಕಾಸೂ ಇಲ್ಲ. ಸ್ವಂತ ವಾಹನದ ಹಾನಿಗೂ ಪಾಲಿಸಿ ಇದ್ದರೆ ಗಲಭೆ, ಮುಷ್ಕರದ ಹಾನಿ ಅದರಲ್ಲಿ ಸೇರುತ್ತದೆ, ಗಾಜಿಗೆ ಸವಕಳಿ ಕಡಿತವೂ ಇಲ್ಲ. 1500 ಸಿಸಿಯವರೆಗಿನ ಕಾರಿಗೆ ಕಡ್ಡಾಯ 1,000 ರೂ. ನಮ್ಮ ಕೈಯಿಂದ ಹೋಗುತ್ತದೆ. ಅಂದರೆ ನನ್ನ ಗಾಜಿಗೆ ಸಿಗುವುದು 5,000. ಆಹಾ, ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ತಡೆಯಿರಿ. ಕ್ಲೈಮು ಮಾಡಿದರೆ ನೋ ಕ್ಲೈಮ್ ಬೋನಸ್ ಸೊನ್ನೆಗೆ ಇಳಿಯುತ್ತದೆ. ಅದನ್ನು ಉಳಿಸಿಕೊಳ್ಳಬೇಕಾದರೆ ಮೊದಲೇ ಬೇರೆ ಹಣ ಕಟ್ಟಿರಬೇಕು. ಸ್ವಂತ ಹಾನಿಯ ಪ್ರೀಮಿಯಂ ರಿಯಾಯಿತಿ ಇಲ್ಲದೆ 6,000 ಅಂತಿಟ್ಟುಕೊಳ್ಳಿ. ಐದು ವರ್ಷ ಕ್ಲೈಮು ಮಾಡದವರಿಗೆ ಶೇ. 50 ಕಡಿಮೆ, 3,000 ಕಟ್ಟಿದರೆ ಸಾಕು. ಗಾಜಿಗೆ ಕ್ಲೈಮು ಮಾಡಿದಿರೋ, ಮುಂದಿನ ವರ್ಷ 6,000. ಆಮೇಲೆ ಶೇ. 20, 25, 35, 45 ಅಂತ ಮತ್ತೆ ಒಂದೊಂದೇ ಮೆಟ್ಟಲು ಹತ್ತಬೇಕು. ಹೆಚ್ಚಿಗೆ ಕಟ್ಟಿದ್ದು ವರ್ಷ ವರ್ಷ ಎಷ್ಟಾಯಿತು? 3,000, 1,800, 1,500, 900, 300. ಒಟ್ಟು 7,500! ಐದು ಸಾವಿರ ತೆಗೆದುಕೊಳ್ಳಲಿಕ್ಕೆ ಏಳೂವರೆ ಸಾವಿರ. ನಮ್ಮ ಏಳನೆಯ ಕ್ಲಾಸಿನ ಮಕ್ಕಳೂ ಈ ವ್ಯಾಪಾರ ಬೇಡ ಅನ್ನುತ್ತಾರೆ. ಪೆಟ್ಟು ತಿಂದವನೇ ದಂಡ ಕಟ್ಟುವ ಲೆಕ್ಕ ಇದು.

ಪೊಲೀಸರಿಗೆ ದೂರು ಕೊಡಬಹುದು. ಹಳೆಯ ದಂಡಸಂಹಿತೆಯ 427ನೇ ಕಲಂನಲ್ಲಿ 50 ರೂಪಾಯಿ ನಷ್ಟವಾದರೂ ಎರಡು ವರ್ಷದವರೆಗೆ ಶಿಕ್ಷೆ ಇತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ ಪ್ರಕಾರ ಎರಡು ವರ್ಷದ ಶಿಕ್ಷೆಗೆ ನಷ್ಟ 20,000 ಮುಟ್ಟಬೇಕು. ದೊಡ್ಡ ಕಾರಿನವರ ಗಾಜಾದರೆ ಮುಟ್ಟೀತು. ನಮ್ಮಂಥವರ ಸಣ್ಣ ಕಾರಿನ ಗಾಜು ಅಲ್ಲೂ ಫೇಲು! ಕೇರಳ ಸರಕಾರ ಖಾಸಗಿ ಆಸ್ತಿಯ ಹಾನಿ ತಡೆಯಲು, ಪರಿಹಾರ ಕೊಡಿಸಲು ಅಂತಲೇ 2019ರಲ್ಲಿ ಪ್ರತ್ಯೇಕ ಕಾನೂನು ಮಾಡಿದೆ. ಒಳ್ಳೆಯ ಕಾನೂನು. ಆದರೆ ಆರು ಸಾವಿರದ ಗಾಜಿಗೆ ಯಾರು ವಕೀಲರನ್ನು ಹಿಡಿದು, ರಜೆ ಹಾಕಿ, ಕೋರ್ಟಿಗೆ ಅಲೆಯುತ್ತಾರೆ? ಕಲ್ಲು ಎಸೆಯುವವನಿಗೂ ಇದು ಚೆನ್ನಾಗಿ ಗೊತ್ತು.

ಹಾಗಾದರೆ ವಸೂಲಿ ಸಾಧ್ಯವೇ ಇಲ್ಲವಾ? ಸಾಧ್ಯ ಉಂಟು, ಆಗಿದೆ! 2022ರ ಸೆಪ್ಟೆಂಬರ್ 23ರಂದು ಪಾಪ್ಯುಲರ್ ಫ್ರಂಟ್ ಹರತಾಳ ನಡೆಸಿತು. ಕೆಎಸ್ಆರ್‌ಟಿಸಿಯ ಐವತ್ತಕ್ಕಿಂತ ಹೆಚ್ಚು ಬಸ್ಸುಗಳಿಗೆ ಕಲ್ಲು ಬಿತ್ತು. ಹೆಲ್ಮೆಟ್ ಹಾಕಿಕೊಂಡು ಬಸ್ಸು ಓಡಿಸಿದ ಡ್ರೈವರಣ್ಣನ ಚಿತ್ರ ನೀವೂ ನೋಡಿರಬಹುದು. ಒಂದೇ ವಾರದೊಳಗೆ ಹೈಕೋರ್ಟು 5.20 ಕೋಟಿ ರೂಪಾಯಿ ಠೇವಣಿ ಇಡಬೇಕು ಅಂತ ಆಜ್ಞೆ ಮಾಡಿತು. ಕಟ್ಟಲಿಲ್ಲ. 2023ರ ಜನವರಿಯಲ್ಲಿ, ಅದೂ ಹೈಕೋರ್ಟಿನ ಕೈಯಲ್ಲಿ ಬೈಸಿಕೊಂಡ ಮೇಲೆ, ಸರಕಾರ ಆಸ್ತಿ ಜಪ್ತಿಗೆ ಇಳಿಯಿತು. ಅಂದರೆ ಮನಸ್ಸಿದ್ದರೆ ದಾರಿ ಉಂಟು. ನನ್ನ ಪ್ರಶ್ನೆ ಇಷ್ಟೇ: ಒಂದು ಸಂಘಟನೆಗೆ ಹಾಕಿದ ಅಳತೆಕೋಲನ್ನು ಉಳಿದವರಿಗೂ ಯಾಕೆ ಹಾಕಬಾರದು? ಹರತಾಳ ಕರೆದವರೇ ಹಾನಿಗೆ ಹೊಣೆ ಅಂತ 2009ರಲ್ಲೇ ಸುಪ್ರೀಂ ಕೋರ್ಟು ಮಾರ್ಗಸೂಚಿ ಕೊಟ್ಟಿದೆಯಲ್ಲ. ಬಸ್ಸಿನ ಗಾಜು ಮಾತ್ರ ಗಾಜಾ? ರಿಕ್ಷಾದವನದ್ದು, ಮೀನಿನ ಗಾಡಿಯವನದ್ದು ಎಂತ ಹಪ್ಪಳವಾ?

"ಇದೆಲ್ಲ ಕೇರಳದ ರೋಗ" ಅಂತ ತಲಪಾಡಿಯಿಂದ ಆಚೆಗಿನ ಸ್ನೇಹಿತರು ನಗಬೇಡಿ. 2016ರ ಸೆಪ್ಟೆಂಬರ್ 12ರಂದು ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನಲ್ಲಿ ಮೂವತ್ತಕ್ಕಿಂತ ಹೆಚ್ಚು ಬಸ್ಸುಗಳನ್ನು ಒಂದೇ ಕಡೆ ಸುಟ್ಟದ್ದು ನೆನಪುಂಟಲ್ಲ? ಅವತ್ತು ಪಾಪ ಮಾಡಿದ್ದು ತಮಿಳುನಾಡಿನ ನಂಬರ್ ಪ್ಲೇಟು. ಗಡಿನಾಡಿನ ಕನ್ನಡಿಗನ ಅವಸ್ಥೆ ಇನ್ನೂ ಚಂದ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ, ಕಾರಿಗೆ ಮಾತ್ರ ಕೆಎಲ್-14! ಆಚೆ ಇಂಥ ದಿನ ಬಂದರೆ ನಮ್ಮ ಪ್ಲೇಟು ನೋಡಿ ಮಲಯಾಳಿ ಅನ್ನುತ್ತಾರೆ, ಈಚೆ ಬಾಯಿ ತೆರೆದರೆ ಕರ್ನಾಟಕದವನು ಅನ್ನುತ್ತಾರೆ. ಕಲ್ಲಿಗಂತೂ ಯಾವ ಭಾಷೆಯೂ ಬರುವುದಿಲ್ಲ.

ಇನ್ನು ನಮ್ಮ ನೌಕರರ ಪಾಡು. 2022ರ ಮಾರ್ಚಿನ ಮುಷ್ಕರದಲ್ಲಿ, 2025ರ ಜುಲೈ 9ರ ಮುಷ್ಕರದಲ್ಲಿ, ಕೆಲಸಕ್ಕೆ ಬಾರದವರಿಗೆ ಡೈಸ್‌ನಾನ್ ಅಂತ ಸರಕಾರದ ಆದೇಶ. ಬಸ್ಸಿಲ್ಲ. ಸ್ವಂತ ಕಾರು ತೆಗೆದರೆ ಗಾಜಿಗೆ ಗ್ಯಾರಂಟಿ ಇಲ್ಲ. ಹೋಗದಿದ್ದರೆ ಸಂಬಳ ಕಟ್, ಹೋದರೆ ಗಾಜು ಕಟ್. ಆದೇಶ ಹೊರಡಿಸುವವರು ದಾರಿಗೂ ಜವಾಬ್ದಾರಿ ತೆಗೆದುಕೊಳ್ಳಬೇಕಲ್ವಾ?

ಮುಷ್ಕರದ ಹಕ್ಕು ಬೇಡ ಅಂತ ನಾನು ಹೇಳುವುದಿಲ್ಲ. ಗಡಿನಾಡಿನಲ್ಲಿ ಕನ್ನಡ ಶಾಲೆ ಉಳಿದದ್ದೇ ಹೋರಾಟದಿಂದ. ಮೆರವಣಿಗೆ ಮಾಡಿದ್ದೇವೆ, ಕಲೆಕ್ಟರೇಟಿನ ಎದುರು ಕೂತಿದ್ದೇವೆ. ಮಲಯಾಳ ಮಾತ್ರ ಗೊತ್ತಿರುವ ಅಧ್ಯಾಪಕರನ್ನು ಕನ್ನಡ ಮಕ್ಕಳಿಗೆ ಕಳಿಸಿದಾಗ ಹೆತ್ತವರು ಶಾಲೆಯ ಗೇಟಿಗೆ ಬಂದು ನಿಂತಿದ್ದಾರೆ. ಮುಖ ತೋರಿಸಿಕೊಂಡೇ ನಿಂತಿದ್ದಾರೆ. ಅದು ಪ್ರತಿಭಟನೆ. ಮುಖ ಮುಚ್ಚಿಕೊಂಡು ಹಿಂದಿನಿಂದ ಬೀಸುವುದಕ್ಕೆ ಅದೇ ಹೆಸರು ಕೊಟ್ಟರೆ ನಿಜವಾದ ಹೋರಾಟಗಾರನಿಗೆ ಅವಮಾನ.

ಇತ್ತೀಚೆಗೆ ಹರತಾಳ ಕಡಿಮೆಯಾಗಿದೆ, ಒಪ್ಪುತ್ತೇನೆ. ಕಡಿಮೆಯಾದಾಗಲೇ ನಿಯಮ ಗಟ್ಟಿ ಮಾಡಬೇಕು. ಕರೆ ಕೊಡುವವರು ಏಳು ದಿನದ ನೋಟಿಸಿನ ಜೊತೆ ಕಲೆಕ್ಟರರ ಹತ್ತಿರ ಠೇವಣಿಯನ್ನೂ ಇಡಲಿ. ಸಂಜೆಯವರೆಗೆ ಒಂದು ಗಾಜೂ ಒಡೆಯದಿದ್ದರೆ ಮರುದಿನ ವಾಪಸು ತೆಗೆದುಕೊಳ್ಳಲಿ, ನಾವೇ ಚಪ್ಪಾಳೆ ಹೊಡೆಯುತ್ತೇವೆ. ಒಡೆದರೆ ತಾಲೂಕು ಕಚೇರಿಯಲ್ಲಿ ಒಂದು ಪುಟದ ಅರ್ಜಿ, ಪೊಲೀಸರ ಒಂದು ಚೀಟಿ, ಗ್ಯಾರೇಜಿನ ಬಿಲ್ಲು, ಇಷ್ಟಕ್ಕೇ ಹಣ ಸಿಗುವಂತಾಗಲಿ. ಆ ಅರ್ಜಿ ಮಲಯಾಳದ ಜೊತೆ ಕನ್ನಡದಲ್ಲೂ ಇರಲಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ, ಯಾರ ಭಿಕ್ಷೆಯೂ ಅಲ್ಲ. ಹರತಾಳದ ಗಾಜಿಗೆ ಮಾಡಿದ ಕ್ಲೈಮಿಗೆ ಬೋನಸ್ ಕಡಿತ ಇಲ್ಲ ಅಂತ ವಿಮೆಯವರೂ ನಿಯಮ ತರಲಿ.

ಮುಂದಿನ ಚುನಾವಣೆಗೆ ಓಟು ಕೇಳಲು ನಿಮ್ಮ ಅಂಗಳಕ್ಕೆ ಬಂದವರ ಹತ್ತಿರ ರಸ್ತೆ, ನೀರು ಕೇಳುವಾಗ ಇದನ್ನೂ ಕೇಳಿ: "ನಿಮ್ಮ ಹರತಾಳದಲ್ಲಿ ನಮ್ಮ ಗಾಜು ಒಡೆದರೆ ಬಿಲ್ಲು ಯಾರ ಹೆಸರಿಗೆ ಬರೆಸಲಿ ಅಣ್ಣಾ?" ಉತ್ತರ ಬರುವವರೆಗೆ ಅವರನ್ನು ಜಗಲಿಗೆ ಹತ್ತಿಸಬೇಡಿ. ಎಂತ ಹೇಳ್ತೀರಿ?